ಮುಪ್ಪಿನ ದಾಂಪತ್ಯವೂ ಪ್ರಸಾದ ಭಾವವೂ



ಶರೀರವನ್ನು ಶಿವನ ನೆಲೆಯೆಂದು ಬಗೆದ ಧರ್ಮವು ನಮ್ಮದು. ಕಲ್ಲಿನ ಗುಡಿಗೆ ನಾವು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತೇವೆ. ಗೋಡೆ ಬಿರಿದರೆ ಗಾರೆ ತುಂಬುತ್ತೇವೆ. ಮಾಳಿಗೆ ಸೋರಿದರೆ ಮಣ್ಣು ಹಾಕಿಸುತ್ತೇವೆ. ಆದರೆ ಲಿಂಗವನ್ನು ಹೊತ್ತು ತಿರುಗುವ ಈ ಕಾಯಕ್ಕೆ ಅರವತ್ತು ದಾಟಿತೆಂದರೆ, "ಇನ್ನೇನು, ಮುಪ್ಪಲ್ಲವೇ" ಎಂದು ಕೈಬಿಡುತ್ತೇವೆ. ಇದನ್ನು ಕೆಲವರು ವೈರಾಗ್ಯವೆಂದು ತಿಳಿದಿರುವರು. ಇದು ವೈರಾಗ್ಯವಲ್ಲ, ಅನಾದರವು.

ಮುಪ್ಪು ಬರುವ ಮುನ್ನವೇ ಶಿವನನ್ನು ಪೂಜಿಸಬೇಕೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಅದನ್ನು ಓದಿ, ಮುಪ್ಪಿನ ಪೂಜೆ ನಿಷ್ಫಲವೆಂದು ಅರ್ಥಮಾಡುವದು ಸಲ್ಲದು. ಅಲ್ಲಿ ಅವರು ಖಂಡಿಸಿದ್ದು ಮುಪ್ಪನ್ನಲ್ಲ. ನಾಳೆ ನೋಡೋಣವೆಂಬ ಸೋಮಾರಿತನವನ್ನು. ಆದುದರಿಂದ ಮುಪ್ಪಿಗೆ ಬಂದವರಿಗೂ ಆ ವಚನದಲ್ಲಿ ಉಪದೇಶವುಂಟು: ಇಂದು ಮಾಡಬೇಕಾದುದನ್ನು ಇಂದೇ ಮಾಡಿರಿ. ಇದು ಪೂಜೆಗೆ ಹೇಗೋ ಔಷಧೋಪಚಾರಕ್ಕೂ ಹಾಗೆಯೇ.

ಹಿಂದೆ ಸುರಪುರ ತಾಲೂಕಿಗೆ ಸೇರಿದ್ದು, ಈಗ ಹುಣಸಗಿ ತಾಲೂಕಿನಲ್ಲಿರುವ ನಮ್ಮ ಕೊಡೇಕಲ್ಲು ಕಾಲಜ್ಞಾನದ ಬಸವಣ್ಣನವರಿಂದ ಪುನೀತವಾದ ಊರು. ಇಲ್ಲಿಯ ಒಂದು ಮನೆಯಲ್ಲಿ ನಡೆದ ಸಂಗತಿಯೇ ಈ ಲೇಖನಕ್ಕೆ ಕಾರಣವು.

ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ, ಅವರ ಧರ್ಮಪತ್ನಿಗೆ ಅರವತ್ತೈದು. ಪೂಜೆಯಾಗದೆ ಅನ್ನ ಮುಟ್ಟೆನೆಂಬುದು ಯಜಮಾನರ ನೇಮ. ಹನ್ನೆರಡು ವರ್ಷಗಳಿಂದ ಮಧುಮೇಹವಿದೆ. ಬೆಳಿಗ್ಗೆ ಒಂದು ಮಾತ್ರೆಯೆಂದು ವೈದ್ಯರು ಹೇಳಿದ್ದರು. ತಮ್ಮ ನೇಮವನ್ನು ಇವರು ವೈದ್ಯರಿಗೆ ಹೇಳಿರಲಿಲ್ಲ. ಕಳೆದ ಶ್ರಾವಣದ ಒಂದು ಸೋಮವಾರ ನಸುಕಿನಲ್ಲಿ ನೀರಿನೊಡನೆ ಮಾತ್ರೆ ನುಂಗಿದರು. ಬಂಧುಗಳು ಬಂದರು, ಮಾತು ಬೆಳೆಯಿತು, ಪೂಜೆಗೆ ಕೂಡ್ರುವ ಹೊತ್ತಿಗೆ ಹತ್ತು ಗಂಟೆ. ಲಿಂಗವನ್ನು ಎಡಗೈಯಲ್ಲಿಟ್ಟು ದೃಷ್ಟಿಯಿಟ್ಟಾಗ ಮೈ ಬೆವರಿತು, ಕೈ ನಡುಗಿತು, ಕಣ್ಣು ಕತ್ತಲೆಗಟ್ಟಿತು. ಲಿಂಗವು ಕೈಜಾರಿ ನೆಲಕ್ಕೆ ಬಿದ್ದಿತು, ಅವರೂ ಒರಗಿದರು. ಪತ್ನಿಗೆ ಮೊಣಕಾಲು ಬೇನೆ. ಅಡಿಗೆಯ ಮನೆಯಿಂದ ಗೋಡೆ ಹಿಡಿದುಕೊಂಡು ಬರುವದೇ ತಡವಾಯಿತು. ನೆರೆಮನೆಯ ತಿಳಿವಳಿಕೆಯ ಹುಡುಗನೊಬ್ಬನು, ಅವರು ಇನ್ನೂ ನುಂಗಬಲ್ಲರೆಂದು ನೋಡಿ, ಸಕ್ಕರೆ ಕದಡಿದ ನೀರು ಕುಡಿಸಿದನು. ಪ್ರಾಣವುಳಿಯಿತು.

ಆದರೆ ನಿಜವಾದ ಕಷ್ಟವು ಆಮೇಲೆ ಪ್ರಾರಂಭವಾಯಿತು. "ಲಿಂಗವು ಬಿದ್ದ ಮೇಲೆ ನಾನು ಉಳಿಯಬಾರದಿತ್ತು" ಎಂದು ಹಿರಿಯರು ಅನ್ನ ಬಿಟ್ಟರು, ಮಾತ್ರೆಯನ್ನೂ ಬಿಟ್ಟರು. ಅವರು ಉಣ್ಣಲಿಲ್ಲವೆಂದು ತಾಯಿಯೂ ಉಣ್ಣಲಿಲ್ಲ. ಎರಡು ದಿನ ಹೀಗೆ ಕಳೆದ ಮೇಲೆ ಮಕ್ಕಳು ಇಬ್ಬರನ್ನೂ ಮಠಕ್ಕೆ ಕರೆತಂದರು. ನಾನು ಅಲ್ಲಿಯೇ ಕುಳಿತಿದ್ದೆನು. ಆಚಾರಗ್ರಂಥಗಳಲ್ಲಿ ಈ ವಿಷಯದಲ್ಲಿ ಪ್ರಾಣತ್ಯಾಗದವರೆಗೆ ಹೋಗುವ ಕಠೋರ ವಾಕ್ಯಗಳುಂಟೆಂದು ಬಲ್ಲೆನು. ಮೊದಲು ನನ್ನನ್ನು ಕೇಳಿದ್ದರೆ ಆ ವಾಕ್ಯಗಳನ್ನೇ ಹೇಳಿಬಿಡುತ್ತಿದ್ದೆನೋ ಏನೋ ಎಂದು ನೆನೆದು ಇಂದಿಗೂ ನಾಚುತ್ತೇನೆ.

ಪೂಜ್ಯರು ಕೇಳಿದ್ದು ಒಂದೇ ಮಾತು: "ನಿಮ್ಮ ಕೈ ಬಿಟ್ಟಿತು, ಮನಸ್ಸು ಬಿಟ್ಟಿತೇ?"

"ಇಲ್ಲ, ಬುದ್ಧಿ."

"ಹಾಗಾದರೆ ಅದು ಎಲ್ಲಿಯೂ ಬಿದ್ದಿಲ್ಲ."

ಹೀಗೆ ಹೇಳಿ ಲಿಂಗವನ್ನು ತೊಳೆದು, ವಿಭೂತಿ ಧರಿಸಿ, ಮಂತ್ರಪೂರ್ವಕವಾಗಿ ಮರಳಿ ಅವರ ಕೈಗಿತ್ತರು. ದಂಪತಿಗಳನ್ನು ಎದುರುಬದುರಾಗಿ ಕೂಡಿಸಿ ಪ್ರಸಾದ ನೀಡಿಸಿದರು.

ಆ ಕಠೋರ ವಾಕ್ಯಗಳು ಹುಟ್ಟಿದ್ದು ಅಲಕ್ಷ್ಯವನ್ನು ತಡೆಯುವದಕ್ಕೆ, ರೋಗಿಯ ಪ್ರಾಣ ತೆಗೆಯುವದಕ್ಕಲ್ಲವೆಂದು ನಾನು ಅಂದು ತಿಳಿದೆನು. ಇನ್ನು ನೇಮದ ಮಾತು. ಲಿಂಗಕ್ಕೆ ಅರ್ಪಿಸದೆ ಯಾವದನ್ನೂ ಸ್ವೀಕರಿಸಕೂಡದು, ಅರ್ಪಿಸಿದ್ದೆಲ್ಲವೂ ಪ್ರಸಾದವು, ಎಂಬುದು ಪ್ರಸಾದಿಸ್ಥಲದ ಸಾರ. ಅನ್ನವು ಪ್ರಸಾದವಾಗುವದಾದರೆ ಔಷಧವೇಕೆ ಆಗದು? ಪೂಜೆಯನ್ನು ಬೆಳಗಿನಲ್ಲಿಯೇ ಮಿತವಾಗಿ ಮುಗಿಸಿ, ಮಾತ್ರೆಯನ್ನೂ ರೊಟ್ಟಿಯನ್ನೂ ಒಟ್ಟಿಗೆ ಅರ್ಪಿಸಿ, ವೈದ್ಯರು ಹೇಳಿದ ಕ್ರಮದಲ್ಲಿ ಸ್ವೀಕರಿಸಿದರೆ ನೇಮವೂ ಉಳಿಯಿತು, ಕಾಯವೂ ಉಳಿಯಿತು. ನೆಲದ ಮೇಲೆ ಕೂಡ್ರಲಾರದವರು ಮಣೆಯ ಮೇಲೋ ಕುರ್ಚಿಯ ಮೇಲೋ ಕೂಡ್ರಲಿ. ದೃಷ್ಟಿ ನಿಲ್ಲಬೇಕಾದುದು ಲಿಂಗದಲ್ಲಿ. ಆಸನವು ಅದಕ್ಕೆ ಸಾಧನ ಮಾತ್ರ. ಆ ದೃಷ್ಟಿಗೇ ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಳ್ಳುವದೂ ಪೂಜೆಯ ಅಂಗವೇ ಎನ್ನಬೇಕು. ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನು ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದನು. ಚಿಕಿತ್ಸೆಯು ಶಿವನ ಇಚ್ಛೆಗೆ ವಿರುದ್ಧವಾಗಿದ್ದರೆ ಅವನಿಗೆ ಅನುಭವಿಗಳ ಸಾಲಿನಲ್ಲಿ ಸ್ಥಳವೆಲ್ಲಿ?

ಉಪವಾಸದ ವಿಷಯದಲ್ಲಿಯೂ ಎಚ್ಚರ ಬೇಕು. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ಇನ್ಸುಲಿನ್ ಆಗಲಿ ತೆಗೆದುಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಭ್ರಮೆ ಬರುವವು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯ ನೀರು ಕೊಡಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಲ್ಲಿ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು. ಶ್ರಾವಣ ಶಿವರಾತ್ರಿಗಳಿಗೆ ಮೊದಲೇ ವೈದ್ಯರನ್ನು ಕೇಳಿ ನೇಮವನ್ನು ಹೊಂದಿಸಿಕೊಳ್ಳುವದು ಜಾಣತನವು.

ಪ್ರಸಾದವಾದ ಮೇಲೆ ಮಠದ ಪಡಸಾಲೆಯಲ್ಲಿ ಆ ದಂಪತಿಗಳ ಬಾಯಿಂದ ಬಂದ ಮಾತು ನನ್ನನ್ನು ಇನ್ನೂ ಹೆಚ್ಚು ಕಲಕಿತು. ತಿಂಗಳಿಂದ ಪತಿಯ ಕೈ ಬೆಳಿಗ್ಗೆ ನಡುಗುವದನ್ನು ಆ ತಾಯಿ ಕಂಡಿದ್ದಳು, ಹೇಳಿರಲಿಲ್ಲ. ಪತ್ನಿಯು ಮೆಟ್ಟಿಲನ್ನು ಒಂದೊಂದಾಗಿ ಕುಳಿತು ಇಳಿಯುವದನ್ನು ಯಜಮಾನರು ಕಂಡಿದ್ದರು, ಕೇಳಿರಲಿಲ್ಲ. ಒಬ್ಬರಿಗೊಬ್ಬರು ಭಾರವಾಗಬಾರದೆಂದು ಇಬ್ಬರೂ ಬೇನೆಯನ್ನು ಬಚ್ಚಿಟ್ಟಿದ್ದರು. ನಲವತ್ತೆಂಟು ವರ್ಷ ಒಂದೇ ಹೊಲ ಉತ್ತವರು ಮುಪ್ಪಿನಲ್ಲಿ ಬೇರೆ ಬೇರೆಯಾಗಿ ನೋಯುತ್ತಿದ್ದರು.

ಇಲ್ಲಿ ನಮ್ಮ ಸೀಮೆಯ ಮುದನೂರಿನ ದಾಸಿಮಯ್ಯನವರನ್ನು ನೆನೆಯಬೇಕು. ನೇಯ್ಗೆಯ ಕಾಯಕದ ಆ ಆದ್ಯ ವಚನಕಾರರು, ಸತಿಪತಿಗಳ ಒಮ್ಮನದ ಭಕ್ತಿಗೂ ಇಮ್ಮನದ ಭಕ್ತಿಗೂ ಇರುವ ಅಂತರವನ್ನು ತೂಗಿ ತೋರಿಸಿದ್ದಾರೆ. ಅವರ ಸತಿ ದುಗ್ಗಳೆಯೂ ವಚನಕಾರ್ತಿ. ಆಕೆಯ ಅಂಕಿತದಲ್ಲಿ ಪತಿಯ ಹೆಸರೂ ರಾಮನಾಥನ ಹೆಸರೂ ಕೂಡಿಕೊಂಡಿವೆ. ಒಮ್ಮನವೆಂದರೆ ಪೂಜೆಯ ಹೊತ್ತಿನ ಮಾತು ಮಾತ್ರವಲ್ಲ. ಬೇನೆಯನ್ನು ಹೇಳಿಕೊಳ್ಳುವದೂ ಒಮ್ಮನವೇ. ಕೃಷ್ಣೆಯ ಆಚೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನು, ಪತಿಯು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸುಮ್ಮನಿರಲಿಲ್ಲ. ಮರಳಿ ಸುರಿದು ಬರುವಂತೆ ತಿದ್ದಿದಳು. ಮಾರಯ್ಯನು ಅದನ್ನು ಅವಮಾನವೆಂದು ಎಣಿಸಲಿಲ್ಲ. "ಮಾತ್ರೆ ತೆಗೆದುಕೊಂಡಿರಾ? ಉಪ್ಪಿನಕಾಯಿ ಸಾಕು" ಎಂದು ಮನೆಯಾಕೆ ಎಂದಾಗ ಸಿಡುಕುವ ಹಿರಿಯರು ಮಾರಯ್ಯನನ್ನು ನೆನೆಯಲಿ.

ಹೆಂಗಸರಿಗೂ ಒಂದು ಮಾತು. ಎಲ್ಲರಿಗೂ ಬಡಿಸಿ, ಉಳಿದುದನ್ನು ಹೊತ್ತಿಳಿದ ಮೇಲೆ ಉಣ್ಣುವದು ತ್ಯಾಗವೆಂದು ತಿಳಿದು ರಕ್ತಹೀನತೆಯನ್ನೂ ಮೊಣಕಾಲು ಬೇನೆಯನ್ನೂ ಸಹಿಸುತ್ತ ಬಂದಿದ್ದೀರಿ. ನಿಮ್ಮ ಕಾಯದಲ್ಲಿಯೂ ಲಿಂಗವುಂಟು. ಪತಿಯನ್ನು ದವಾಖಾನೆಗೆ ಕರೆದೊಯ್ದ ದಿನ ನಿಮ್ಮ ರಕ್ತದೊತ್ತಡವನ್ನೂ ನೋಡಿಸಿರಿ. ಅದು ಮೇಲಿಂದ ಮೇಲೆ 140ಕ್ಕೆ 90ನ್ನು ಮುಟ್ಟುತ್ತಿದ್ದರೆ, ನೋವಿಲ್ಲವೆಂದು ಅಲಕ್ಷಿಸಬೇಡಿರಿ. ಆ ರೋಗವು ಸದ್ದಿಲ್ಲದೆ ಮೂತ್ರಪಿಂಡವನ್ನೂ ಹೃದಯವನ್ನೂ ಕೆಡಿಸುವದು. ಇಬ್ಬರಲ್ಲಿ ಯಾರದಾದರೂ ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಲಕ್ವವೆಂದು ತಿಳಿದು ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಸಲ್ಲುವದು.

ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಊರೆಗಂಬಗಳು ಶರೀರವನ್ನು ಹೊತ್ತಿವೆಯೆಂದು ಚರಕಸಂಹಿತೆಯು ಹೇಳುವದು. ನಾರಾಯಣಪುರದಲ್ಲಿ 1982ರಲ್ಲಿ ಬಸವಸಾಗರವು ಪೂರ್ಣಗೊಂಡು ಕಾಲುವೆಗಳು ಹರಿದ ಮೇಲೆ ನಮ್ಮ ಭಾಗದಲ್ಲಿ ಭತ್ತವು ಬೆಳೆಯಿತು; ಜೋಳದ ರೊಟ್ಟಿಯ ಜಾಗದಲ್ಲಿ ಎರಡು ಹೊತ್ತೂ ಬಿಳಿಯ ಅನ್ನವು ಬಂದಿತು. ನೀರು ಶಿವನ ಕೃಪೆಯೇ. ಆದರೆ ಮಧುಮೇಹವುಳ್ಳವರು ಅನ್ನವನ್ನು ಮಿತಗೊಳಿಸಿ ಜೋಳ, ಬೇಳೆ, ಸೊಪ್ಪುಗಳ ಕಡೆಗೆ ತಿರುಗುವದು ಹಿತಕರ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಎಂದರೆ ಒಂದು ಚಿಕ್ಕ ಚಮಚದಷ್ಟು ಸಾಕು. ಮತ್ತೊಂದು ಮಾತು: ನಮ್ಮ ಸೀಮೆಯ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿಯುವವು. ಆದ್ದರಿಂದ ಎಲ್ಲ ಮೊಣಕಾಲು ಬೇನೆಯನ್ನೂ ಮುಪ್ಪಿನ ತಲೆಗೆ ಕಟ್ಟದೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ.

ಈಗ ಆ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಪೂಜೆಯಾಗುತ್ತದೆ. ಯಜಮಾನರು ಗೋಡೆಗೆ ಆತು ಮಣೆಯ ಮೇಲೆ ಕೂಡ್ರುವರು. ತಾಯಿಯು ಪಕ್ಕದಲ್ಲಿ ಕುರ್ಚಿಯ ಮೇಲೆ. ಎರಡು ಬಟ್ಟಲುಗಳಲ್ಲಿ ರೊಟ್ಟಿಯೊಡನೆ ಇಬ್ಬರ ಮಾತ್ರೆಗಳೂ ಅರ್ಪಿತವಾಗುವವು. ಆಮೇಲೆ ಅವರು ಇವರನ್ನು, ಇವರು ಅವರನ್ನು, "ಇಂದು ಹೇಗಿದೆ?" ಎಂದು ಕೇಳಿಕೊಳ್ಳುವರು. ಪೂಜ್ಯರು ವಿಧಿಸಿದ ಪ್ರಾಯಶ್ಚಿತ್ತವು ಇದೊಂದೇ. ಇದನ್ನು ನಿತ್ಯವೂ ಮಾಡಬೇಕೆಂದು ಅಪ್ಪಣೆಯಾಗಿದೆ.

ಮುಪ್ಪನ್ನು ತಡೆಯಲು ಯಾರಿಗೂ ಸಾಧ್ಯವಿಲ್ಲ. ಮುಪ್ಪಿನಲ್ಲಿ ಒಬ್ಬರನ್ನೊಬ್ಬರು ಕೇಳುವದು ಎಲ್ಲರಿಗೂ ಸಾಧ್ಯವಿದೆ. ಈ ಲೇಖನವನ್ನು ಓದಿದ ದಂಪತಿಗಳು ಈ ರಾತ್ರಿ ಮಲಗುವ ಮುನ್ನ ಬಚ್ಚಿಟ್ಟ ಒಂದು ಬೇನೆಯನ್ನಾದರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಶಿವನು ಅದನ್ನೂ ಅರ್ಪಿತವೆಂದೇ ಕೈಕೊಳ್ಳುವನು.

ಇತಿ ಶಿವಮ್.