ಎದ್ದವಳ ಹಸಿವು



ಭಾನುವಾರದ ಬಲಿಪೂಜೆ ಮುಗಿಸಿ ಡೇವಿಸ್ ರಸ್ತೆಯ ಪವಿತ್ರಾತ್ಮರ ದೇವಾಲಯದಿಂದ ಹೊರಬರುತ್ತೀರಿ. ಕುಕ್ ಟೌನಿನ ಪರಿಚಿತ ಸಹೋದರಿಯೊಬ್ಬರು ಎದುರಾಗುತ್ತಾರೆ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ಉದುರಿದ ಕೂದಲು ಮತ್ತೆ ಚಿಗುರಿದೆ. "ದೇವರ ದಯೆ, ಪೂರ್ತಿ ಗುಣವಾಯಿತಲ್ಲ! ಕೆಲಸಕ್ಕೆ ಯಾವಾಗ ಹೋಗ್ತೀರಿ?" ಎನ್ನುತ್ತೀರಿ. ಅವರು ನಕ್ಕು ಸುಮ್ಮನಾಗುತ್ತಾರೆ.

ಆ ಮೌನದ ಹಿಂದೆ ಏನಿದೆ? ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ಬಳಿಕ ಹಲವು ವಾರ ವಿಕಿರಣ ಚಿಕಿತ್ಸೆ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಅಲೆದು ತಿಂಗಳುಗಳೇ ಕಳೆದಿವೆ. ರಜೆ ತೀರಿದೆ, ಆಯಾಸ ತೀರಿಲ್ಲ. ಕಂಕುಳಿನ ಗ್ರಂಥಿ ತೆಗೆದ ಕಡೆಯ ತೋಳು ಬಾತುಕೊಳ್ಳುವ ಭಯ ಬೇರೆ. ಮನೆ ಬಾಡಿಗೆ, ಮಕ್ಕಳ ಫೀಸು ಯಾರಿಗೂ ಕಾಯುವುದಿಲ್ಲ.

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ತೆರೆಯಿರಿ. ಯಾಯೀರನ 12 ವರ್ಷದ ಮಗಳನ್ನು ಪ್ರಭು ಯೇಸು ಕೈಹಿಡಿದು ಎಬ್ಬಿಸಿದರು. ಎಲ್ಲರೂ ಬೆರಗಾಗಿ ನಿಂತಿದ್ದಾಗ ಪ್ರಭುವಿಗೆ ಹುಡುಗಿಯ ಹಸಿವು ನೆನಪಾಯಿತು. ಅವಳಿಗೆ ತಿನ್ನಲು ಕೊಡುವಂತೆ ಹೇಳಿದರು. ಸಾವಿನಿಂದ ಎಬ್ಬಿಸಿದವರಿಗೆ ಹಸಿವು ನೀಗಿಸುವುದು ಕಷ್ಟವಾಗಿತ್ತೇ? ಇಲ್ಲ. ಆ ಕೆಲಸವನ್ನು ಅವರು ಮನೆಯವರಿಗೆ ಬಿಟ್ಟರು.

ಇಂದು ಆ ಕೆಲಸ ನಮ್ಮದು. ನೀವು ಮೇಲಧಿಕಾರಿಯೇ? ಕೆಲವು ವಾರ ಅರ್ಧ ದಿನದ, ಭಾರ ಎತ್ತದ ಕೆಲಸ ಕೊಡಿ. ತಪಾಸಣೆಗೆ ಹೋಗುವ ದಿನ ಮುಖ ಸಿಂಡರಿಸಬೇಡಿ. ಸಹೋದ್ಯೋಗಿಯೇ? ಬೆನ್ನ ಹಿಂದಿನ ಪಿಸುಮಾತು ಬೇಡ, ಮೊದಲಿನಂತೆಯೇ ಜೊತೆಗೆ ಕೂತು ಊಟ ಮಾಡಿ. ಪತಿಯೇ? ಸಂಜೆಯ ಅಡಿಗೆ ನಿಮ್ಮದಾಗಲಿ.

ಸಹೋದರಿಯೇ, ನಿಮಗೂ ಒಂದು ಮಾತು. ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ. ಎಷ್ಟು ಕೆಲಸ ಮಾಡಬಹುದೆಂದು ವೈದ್ಯರಿಂದ ಬರೆಸಿಕೊಂಡು ಕಚೇರಿಗೆ ಕೊಡಿ. ಇ.ಎಸ್.ಐ. ವಿಮೆಯಿದ್ದರೆ ವಿಚಾರಿಸಿ: ಅರ್ಹರಾದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಶೇ. 80ರಂತೆ 2 ವರ್ಷಗಳವರೆಗೂ ಸಿಗಬಹುದು. ಅದು ಭಿಕ್ಷೆಯಲ್ಲ, ನಿಮ್ಮ ದುಡಿಮೆಯಿಂದ ಕಟ್ಟಿದ ವಂತಿಗೆಯ ಫಲ.

ಸ್ತನರೋಗದಿಂದ ನರಳುವವರ ಪಾಲಕಿ ಸಂತ ಅಗಾಥಳ ಹಬ್ಬ ಫೆಬ್ರವರಿ 5. ಅಂದು ಇಂಥ ಸಹೋದರಿಯರಿಗಾಗಿ ಪ್ರಾರ್ಥಿಸೋಣ. ಆದರೆ ಅಲ್ಲಿಯವರೆಗೆ ಕಾಯುವುದು ಬೇಡ. ಮುಂದಿನ ಭಾನುವಾರ ಅವರು ಎದುರಾದಾಗ ನಮ್ಮ ಪ್ರಶ್ನೆ ಬದಲಾಗಲಿ: "ನಾಳೆ ನಿಮ್ಮ ಮನೆಗೆ ಊಟ ಕಳಿಸಲಾ?"