ಅರ್ಧಕ್ಕೆ ನಿಂತ ಸೂಜಿ



ಹಿಂದೆ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಕೈಗೆ ಎಳೆಯ ವಯಸ್ಸಿನಲ್ಲೇ ಸೂಜಿ, ದಾರ, ಒಂದು ತುಂಡು ಬಟ್ಟೆ ಕೊಡುತ್ತಿದ್ದರು. ಅವರು ಅದರ ಮೇಲೆ ಅಕ್ಷರಮಾಲೆ, ಅಂಕಿ, ಹೂಬಳ್ಳಿ, ಒಂದು ದೇವವಾಕ್ಯ ಹೊಲಿದು, ಕೊನೆಗೆ ತಮ್ಮ ಹೆಸರನ್ನೂ ವಯಸ್ಸನ್ನೂ ಸೇರಿಸುತ್ತಿದ್ದರು. ಇದಕ್ಕೆ ಸ್ಯಾಂಪ್ಲರ್ ಎಂದು ಹೆಸರು.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1830ರ ಸುಮಾರಿನ ಇಂಥ ಒಂದು ಬಟ್ಟೆಯಿದೆ. ಅದರಲ್ಲಿ ಹೂವಿಲ್ಲ, ಬಳ್ಳಿಯಿಲ್ಲ. ಕೆಂಪು ರೇಷ್ಮೆ ದಾರದಲ್ಲಿ ಹೊಲಿದ ಸಣ್ಣ ಅಕ್ಷರಗಳ 46 ಸಾಲುಗಳು ಮಾತ್ರ. ಹೊಲಿದವಳು ಸಸೆಕ್ಸ್ ಪ್ರಾಂತ್ಯದ ಬಡ ಕೂಲಿಯೊಬ್ಬನ ಮಗಳು ಎಲಿಜಬೆತ್ ಪಾರ್ಕರ್. ತನಗೆ ಬರೆಯಲು ಬಾರದು, ಆದ್ದರಿಂದ ಮನಬಿಚ್ಚಿ ಮಾತಾಡುವಂತೆ ಇಲ್ಲಿ ಹೇಳಿಕೊಳ್ಳುತ್ತೇನೆ ಎಂದು ಆರಂಭಿಸುತ್ತಾಳೆ. 13ನೆಯ ವಯಸ್ಸಿಗೆ ಮನೆಗೆಲಸಕ್ಕೆ ಹೋದದ್ದು, ಯಜಮಾನನೊಬ್ಬ ಕ್ರೂರವಾಗಿ ನಡೆದುಕೊಂಡು ಮೆಟ್ಟಿಲಿನಿಂದ ಕೆಳಕ್ಕೆ ನೂಕಿದ್ದು, ಕೊನೆಗೆ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದದ್ದು, ಎಲ್ಲವೂ ಅಲ್ಲಿದೆ. ಆಗ ವೈದ್ಯರೊಬ್ಬರು ಅವಳ ಬಳಿಗೆ ಬಂದು, ಹಾಗೆಂದೂ ಮಾಡಬೇಡ ಎಂದು ಹೇಳಿದರು. ಅವರ ಮಾತಿಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದು ಅವಳೇ ಹೊಲಿದಿದ್ದಾಳೆ. ತನ್ನ ಆತ್ಮದ ಗತಿ ಏನಾಗುವುದೋ ಎಂದು ಕೇಳುತ್ತಾ ಸೂಜಿ ನಿಂತುಬಿಡುತ್ತದೆ. ಕೆಳಗೆ ಬರಿಯ ಬಟ್ಟೆ.

ಇದೂ ಪ್ರಾರ್ಥನೆಯೇ? ಹೌದು. 88ನೆಯ ಕೀರ್ತನೆಯೂ ಸಮಾಧಾನದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಧರ್ಮಸಭೆ ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನು ದೇವರ ಮುಂದಿಡುತ್ತದೆ. ಮುಗಿಸಲಾಗದ ಪ್ರಾರ್ಥನೆಯನ್ನೂ ದೇವರು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಎಲಿಜಬೆತಳ ಬಾಳೂ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಅವಳು ತನ್ನೂರಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಮಕ್ಕಳಿಗೆ ಕಲಿಸಿದಳು, 1889ರವರೆಗೆ ಬದುಕಿದಳು.

ಆದರೆ ದೇವರು ಅವಳನ್ನು ಉಳಿಸಿದ್ದು ಹೇಗೆ? ಯಾವ ಅದ್ಭುತದಿಂದಲೂ ಅಲ್ಲ, ಮನುಷ್ಯನೊಬ್ಬ ಬಳಿಗೆ ಬಂದು ಆಡಿದ ಮಾತಿನಿಂದ. ಪುನರುತ್ಥಾನರಾದ ಯೇಸು ಸಹ ಸಮಾಧಿಯ ಬಳಿ ಮಗ್ದಲದ ಮರಿಯಳನ್ನು ಕಂಡಾಗ ಮೊದಲು ವಿಚಾರಿಸಿದ್ದು ಅವಳ ಕಣ್ಣೀರಿನ ಕಾರಣವನ್ನು.

ತಂದೆತಾಯಿಗಳೇ, ಮಗಳು ಊಟ ಬಿಟ್ಟು ಮೂಲೆ ಹಿಡಿದಾಗ ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮುಖವನ್ನೂ ಒಮ್ಮೆ ನೋಡಿ. ಯಾರಾದರೂ ತನಗಾದ ಅನ್ಯಾಯ ಹೇಳಿಕೊಂಡರೆ, "ಮರ್ಯಾದೆ ಹೋಗುತ್ತದೆ, ಸುಮ್ಮನಿರು" ಎಂದು ಬಾಯಿ ಮುಚ್ಚಿಸಬೇಡಿ. ಅವರ ಪರ ನಿಲ್ಲಿ. ನೋವಿನಲ್ಲಿರುವವರೇ, ನೀವೂ ಒಬ್ಬರೇ ನುಂಗಿಕೊಳ್ಳಬೇಡಿ. ನಂಬಿಕೆಯುಳ್ಳ ಒಬ್ಬರ ಬಳಿ ಬಾಯಿಬಿಡಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಕೂಡಲೇ ಏಳದೆ, ಮನೆಯವರನ್ನು ಒಬ್ಬೊಬ್ಬರಾಗಿ ಕೇಳೋಣ: "ನೀನು ಹೇಗಿದ್ದೀಯ?" ಉತ್ತರ ಬರುವ ತನಕ ಕಾಯೋಣ.