ಲಾಂಛನ, ಸುಳ್ಳು ಮತ್ತು ದೇವರ ಬಾಗಿಲು

ಕಣ್ಣು ಕಾಣದವರನ್ನು ದಾರಿಯಲ್ಲಿ ನಡೆಸುವ, ಕಿವಿ ಕೇಳದವರಿಗೆ ಸದ್ದಿನ ಸುಳಿವು ಕೊಡುವ, ಮೂರ್ಛೆ ಹೋಗುವವರ ಪಕ್ಕದಲ್ಲಿ ಕಾದು ನಿಲ್ಲುವ ತರಬೇತಿ ಪಡೆದ ನಾಯಿಯನ್ನು ಹಲವು ದೇಶಗಳ ಕಾನೂನು ‘ಸೇವಾಪ್ರಾಣಿ’ ಎಂದು ಗುರುತಿಸಿ, ಬೇರೆ ಪ್ರಾಣಿಗಳಿಗೆ ಪ್ರವೇಶವಿಲ್ಲದ ಅಂಗಡಿ, ಉಪಾಹಾರಗೃಹ, ಆಸ್ಪತ್ರೆಗಳ ಒಳಗೂ ಅದನ್ನು ಬಿಡಬೇಕೆಂದು ವಿಧಿಸಿದೆ. ಈ ಹಕ್ಕು ನಾಯಿಗೆ ಸೇರಿದ್ದಲ್ಲ, ನಾಯಿಯನ್ನು ನೆಚ್ಚಿಕೊಂಡು ಬದುಕುವ ವ್ಯಕ್ತಿಗೆ ಸೇರಿದ್ದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಕ್ಕು ಹುಟ್ಟಿದ ಕಡೆ ಅದರ ಸೋಗೂ ಹುಟ್ಟುತ್ತದೆ. ಮನೆಯ ಮುದ್ದಿನ ನಾಯಿಗೆ ಸೇವಾಪ್ರಾಣಿಯ ಅಂಗಿ ತೊಡಿಸಿ ಒಳಗೆ ನುಗ್ಗುವವರು ಹೆಚ್ಚಿದಂತೆ, ಆ ಸುಳ್ಳನ್ನು ಅಪರಾಧವೆಂದು ಸಾರುವ ಕಾನೂನುಗಳೂ ಬಂದಿವೆ. ಮೇಲುನೋಟಕ್ಕೆ ಇದು ವಕೀಲರ ವಿಷಯ. ಆದರೆ ಸುಳ್ಳು ಹೇಳಿದವನಿಂದ ನಿಜಕ್ಕೂ ಮೋಸಹೋದವರು ಯಾರು, ಸುಳ್ಳಿನ ಅಂಜಿಕೆಯಿಂದ ಬಾಗಿಲು ಕಾಯುವವನು ಬಂದವರನ್ನೆಲ್ಲ ಶಂಕಿಸುವುದು ಧರ್ಮವೇ, ಆ ಬಾಗಿಲು ದೇವರದ್ದಾಗಿದ್ದರೆ ಉತ್ತರ ಬದಲಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ವಕೀಲರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

‘ಸೇವೆ’ ಎಂಬ ಪದವೇ ಕನ್ನಡ ನಾಡಿನಲ್ಲಿ ಮೊದಲು ಗುಡಿಗೆ ಸೇರಿದ್ದು. ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಹೇಮಗುಡ್ಡದಲ್ಲಿ ದುರ್ಗಾಪರಮೇಶ್ವರಿಯ ದಸರೆಗೆ ಆನೆ ಅಂಬಾರಿ ಹೊರುವುದು ಸೇವೆ. ಊರೂರು ತಿರುಗುವ ಕೋಲೆ ಬಸವ ತಲೆಯಾಡಿಸಿ ಮನೆಯವರಿಗೆ ಶುಭ ನುಡಿಯುವುದು ಸೇವೆ. ಆನೆಯ ಒಪ್ಪಿಗೆಯನ್ನಾಗಲಿ ಬಸವನ ಒಪ್ಪಿಗೆಯನ್ನಾಗಲಿ ಯಾರೂ ಕೇಳಿದ್ದಿಲ್ಲವೆನ್ನುವುದು ಬೇರೆ ಮಾತು. ತುಂಗಭದ್ರೆಯ ಆಚೆ ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ: ಅಲ್ಲಿಯ ಗೊರವರು, ಅಂದರೆ ಕರಿಕಂಬಳಿ ಹೊದ್ದು ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತರು, ತಾವೇ ದೇವರ ನಾಯಿಗಳೆಂದು ಭಾವಿಸಿ ಬೊಗಳುತ್ತ ದೋಣಿಯೆಂಬ ಪಾತ್ರೆಗೆ ಬಾಯಿಹಾಕಿ ಪ್ರಸಾದ ತಿನ್ನುವುದನ್ನು ಸೇವೆಯೆಂದೇ ಕರೆಯುತ್ತಾರೆ. ನಾಯಿಯ ವೇಷ ತೊಟ್ಟ ಮನುಷ್ಯನನ್ನು ದೇವರ ಮುಂದೆ ಬಿಟ್ಟುಕೊಂಡ ನಾಡು ಇದು. ಪ್ರಾಣಿಯನ್ನು ಮುಂದಿಟ್ಟು ಜನರನ್ನು ನಂಬಿಸುವುದೂ ಇಲ್ಲಿ ಹೊಸದೇನಲ್ಲ. ಹುಟ್ಟಿನಿಂದಲೇ ಹೆಚ್ಚುವರಿ ಅಂಗವೊಂದಿದ್ದ ದನಕ್ಕೆ ಜೂಲು ಹೊದಿಸಿ, ದೈವಾಂಶವಿದೆಯೆಂದು ಬೀದಿಬೀದಿ ಮೆರೆಸಿ ಕಾಸು ಕೂಡಿಸುವುದನ್ನು ಉತ್ತರ ಕರ್ನಾಟಕದ ಜನ ಕಂಡೇ ಇದ್ದಾರೆ. ಅಂಥ ಎಡೆಯಲ್ಲೆಲ್ಲ ಸುಳ್ಳು ಮನುಷ್ಯನದು. ಪ್ರಾಣಿಗೆ ತನ್ನ ಮೈಮೇಲೆ ಏನನ್ನು ಹೊದಿಸಿದ್ದಾರೆಂಬುದೇ ಗೊತ್ತಿರುವುದಿಲ್ಲ.

ಕಾನೂನು ಈ ಸುಳ್ಳನ್ನು ಹೇಗೆ ಎದುರಿಸಿದೆ ಎಂಬುದಕ್ಕೆ ಅಮೆರಿಕದ ಅನುಭವ ವಿಸ್ತಾರವಾದದ್ದು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಆರಂಭವಾದ ಮಾರ್ಗದರ್ಶಿ ನಾಯಿಗಳ ತರಬೇತಿ 1929ರ ಹೊತ್ತಿಗೆ ಅಮೆರಿಕಕ್ಕೆ ಹೋಯಿತು. 1990ರಲ್ಲಿ ಅಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂದಿತು. ಅದರ ಅಡಿಯಲ್ಲಿ 2011ರಿಂದ ಜಾರಿಯಲ್ಲಿರುವ ನಿಯಮದಂತೆ ಸೇವಾಪ್ರಾಣಿಯೆಂದರೆ ವ್ಯಕ್ತಿಯ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸವೊಂದನ್ನು ಮಾಡಲು ಕಲಿತ ನಾಯಿ ಮಾತ್ರ, ಗಿಡ್ಡ ತಳಿಯ ಕುದುರೆಗೆ ಪ್ರತ್ಯೇಕ ಉಪಬಂಧವಿದೆ. ಬಳಿಯಲ್ಲಿದ್ದರೆ ಮನಸ್ಸಿಗೆ ಸಮಾಧಾನ ತರುವ ಪ್ರಾಣಿಯನ್ನು ‘ಮನೋಬೆಂಬಲದ ಪ್ರಾಣಿ’ ಎನ್ನುತ್ತಾರೆ. ಇರುವಿಕೆ ಕೆಲಸವಲ್ಲ ಎಂಬ ಕಾರಣಕ್ಕೆ ಅದು ಈ ಲಕ್ಷಣದೊಳಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತವನು ಕೇಳಬಹುದಾದ ಪ್ರಶ್ನೆಗಳು ಎರಡೇ: ಈ ನಾಯಿ ಅಂಗವೈಕಲ್ಯದ ಕಾರಣದಿಂದ ಬೇಕಾದದ್ದೇ, ಮತ್ತು ಇದು ಯಾವ ಕೆಲಸವನ್ನು ಕಲಿತಿದೆ. ಕಾಗದಪತ್ರ ಕೇಳುವಂತಿಲ್ಲ, ರೋಗದ ವಿವರ ಕೆದಕುವಂತಿಲ್ಲ, ನಾಯಿಯಿಂದ ಕೆಲಸ ಮಾಡಿಸಿ ತೋರಿಸೆನ್ನುವಂತಿಲ್ಲ. ಆದರೆ ನಾಯಿ ಹತೋಟಿ ಮೀರಿದರೆ, ಕಂಡಲ್ಲಿ ಗಲೀಜು ಮಾಡಿದರೆ, ಅದು ನಿಜವಾದ ಸೇವಾಪ್ರಾಣಿಯಾಗಿದ್ದರೂ ಹೊರಗೆ ಕಳುಹಿಸಬಹುದು. ಇಷ್ಟು ಸಡಿಲವಾದ ಬಾಗಿಲನ್ನು ದುರುಪಯೋಗ ಮಾಡಿಕೊಳ್ಳುವುದು ಕಷ್ಟವೇನಲ್ಲ. ಅಂಗಿ, ಬಿಲ್ಲೆ, ‘ಪ್ರಮಾಣಪತ್ರ’ಗಳನ್ನು ಹಣಕ್ಕೆ ಮಾರುವ ವ್ಯಾಪಾರವೇ ಬೆಳೆಯಿತು, ಅವುಗಳಿಗೆ ಕಾನೂನಿನ ಮನ್ನಣೆ ಎಳ್ಳಷ್ಟೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸುಳ್ಳಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಸಾವಿರ ಡಾಲರ್‌ವರೆಗಿನ ದಂಡ ಅಥವಾ ಎರಡೂ ಇದೆ. 2015ರ ಫ್ಲಾರಿಡಾ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಪ್ಪಿತಸ್ಥನು ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಯಲ್ಲೋ ನ್ಯಾಯಾಲಯ ಸೂಚಿಸಿದ ಬೇರೆ ಕಡೆಯಲ್ಲೋ 30 ಗಂಟೆಗಳ ಕಾಲ ಸೇವೆ ಮಾಡಬೇಕೆಂದು ವಿಧಿಸಿತು. ಧರ್ಮಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ದಂಡಕ್ಕಿಂತ ಪ್ರಾಯಶ್ಚಿತ್ತಕ್ಕೆ, ಅಂದರೆ ತಪ್ಪು ಮಾಡಿದವನನ್ನೇ ತಿದ್ದುವ ಕ್ರಿಯೆಗೆ ಹತ್ತಿರವಾದದ್ದು, ಮತ್ತು ಸುಳ್ಳಿನಿಂದ ಯಾರಿಗೆ ಕೆಡುಕಾಯಿತೋ ಅವರ ಕಡೆಗೇ ಸುಳ್ಳುಗಾರನ ಮುಖವನ್ನು ತಿರುಗಿಸುತ್ತದೆ.

ಭಾರತದ ಸ್ಥಿತಿ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿ, ‘ಸಮಂಜಸ ಹೊಂದಾಣಿಕೆ’ ಎಂಬ ತತ್ತ್ವವನ್ನು, ಎಂದರೆ ಮತ್ತೊಬ್ಬರ ಮೇಲೆ ಮಿತಿಮೀರಿದ ಹೊರೆ ಬೀಳದ ಹಾಗೆ ವಿಕಲಚೇತನ ವ್ಯಕ್ತಿಗೆ ಬೇಕಾದ ಮಾರ್ಪಾಡು ಮಾಡಿಕೊಡುವ ಹೊಣೆಯನ್ನು ಒಪ್ಪಿಕೊಂಡಿದೆ. ಆದರೆ ಸೇವಾಪ್ರಾಣಿ ಎಂದರೇನೆಂದು ಅದು ಎಲ್ಲಿಯೂ ವ್ಯಾಖ್ಯಾನಿಸಿಲ್ಲ. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಅದರ 91ನೆಯ ಕಲಮು ಹೇಳುತ್ತದೆ. ಹೀಗೆ ಮನುಷ್ಯನ ಸೋಗಿಗೆ ಶಿಕ್ಷೆಯಿದೆ, ನಾಯಿಗೆ ತೊಡಿಸಿದ ಸೋಗಿನ ಬಗ್ಗೆ ಕಾಯ್ದೆ ಮೌನವಾಗಿದೆ. ಮಾರ್ಗದರ್ಶಿ ನಾಯಿಗಳೇ ವಿರಳವಾಗಿರುವ, ಬಿಳಿ ಕೋಲನ್ನೋ ಮನೆಯವರ ಹೆಗಲನ್ನೋ ಹಿಡಿದು ಅಂಧರು ನಡೆಯುವ ದೇಶದಲ್ಲಿ ಈ ಮೌನ ಸಹಜವೆನ್ನಿಸಬಹುದು. ಆದರೆ ಮೌನದ ಬೆಲೆ ತೆರುವವನು ಮುಂದೊಂದು ದಿನ ನಾಯಿಯ ಪಟ್ಟಿ ಹಿಡಿದು ಬಾಗಿಲಿಗೆ ಬರುವ ಅಂಧನೇ. ಬಾಗಿಲು ಕಾಯುವವನಿಗೆ ಕೇಳಬೇಕಾದ ಪ್ರಶ್ನೆ ಗೊತ್ತಿಲ್ಲದಿದ್ದಾಗ ಅವನ ಬಾಯಿಗೆ ಸುಲಭವಾಗಿ ಬರುವ ಮಾತು ‘ಇಲ್ಲ’ ಎಂಬುದು.

ಅಮೆರಿಕದ ಆ ಕಾಯ್ದೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಧಾರ್ಮಿಕ ಸಂಸ್ಥೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ದೇವಮಂದಿರದ ಬಾಗಿಲ ಬಗ್ಗೆ ತೀರ್ಮಾನಿಸುವ ಕೆಲಸವನ್ನು ಕಾನೂನು ಧರ್ಮಕ್ಕೇ ಬಿಟ್ಟುಕೊಟ್ಟಾಗ, ಧರ್ಮಗಳು ಸುಮ್ಮನೆ ಕುಳಿತಿಲ್ಲ. ಯೆಹೂದಿ ಧರ್ಮಶಾಸ್ತ್ರಜ್ಞ ಮೋಷೆ ಫೈನ್‌ಸ್ಟೈನ್ 1953ರಲ್ಲಿಯೇ ಕೊಟ್ಟ ನಿರ್ಣಯವೊಂದರಲ್ಲಿ, ನಾಯಿಯನ್ನು ಬಿಟ್ಟು ಬರಲಾಗದ ಅಂಧನು ಅದರೊಂದಿಗೆ ಪ್ರಾರ್ಥನಾಮಂದಿರದೊಳಗೆ ಬರಬಹುದೆಂದು ಒಪ್ಪಿದರು. ನಾಯಿಯ ಜೊಲ್ಲನ್ನು ಅಶುದ್ಧವೆಂದು ಎಣಿಸುವ ಇಸ್ಲಾಮಿನಲ್ಲಿಯೂ ದಾರಿ ಸಿಕ್ಕಿತು. 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಮಸೀದಿಯೊಂದು ಮಾರ್ಗದರ್ಶಿ ನಾಯಿಗೆ ಪ್ರಾರ್ಥನೆಯ ಜಾಗದ ಹೊರಗೆ, ಆದರೆ ಕಟ್ಟಡದ ಒಳಗೆ, ಇರಲು ಎಡೆಮಾಡಿಕೊಟ್ಟಿತು. ಎರಡೂ ಕಡೆ ಶುದ್ಧಿಯ ನಿಯಮವನ್ನು ಯಾರೂ ಅಳಿಸಲಿಲ್ಲ. ನಿಯಮಕ್ಕಿಂತ ಮೊದಲು ಬಾಗಿಲಿನ ಆಚೆ ನಿಂತಿರುವ ಮನುಷ್ಯನನ್ನು ನೋಡಿದರು, ಅಷ್ಟೆ.

ಭಾರತೀಯ ಪರಂಪರೆಯಲ್ಲಿ ಈ ಪ್ರಶ್ನೆಯ ಮೂಲಪಾಠ ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಯುಧಿಷ್ಠಿರನೊಂದಿಗೆ ಉಳಿದದ್ದು ಒಂದು ನಾಯಿ. ರಥ ತಂದ ಇಂದ್ರನು ನಾಯಿ ಸಾಕುವವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದಾಗ, ನೆಚ್ಚಿ ಬಂದದ್ದನ್ನು ಬಿಡುವುದು ಬ್ರಹ್ಮಹತ್ಯೆಗೆ ಸಮವೆಂದು ಯುಧಿಷ್ಠಿರನು ರಥವೇರಲು ಒಪ್ಪಲಿಲ್ಲ. ಕೊನೆಗೆ ನಾಯಿಯ ರೂಪದಲ್ಲಿದ್ದವನು ಧರ್ಮದೇವತೆಯೆಂಬುದು ಹೊರಬಿತ್ತು. ಈ ಕಥೆಯನ್ನು ದಯೆಯ ಕಥೆಯೆಂದಷ್ಟೇ ಓದುವುದು ರೂಢಿ. ಆದರೆ ಇದು ನುಡಿಯ ಕಥೆಯೂ ಹೌದು. ಯುಧಿಷ್ಠಿರನು ತನ್ನ ಬಾಳಿನಲ್ಲಿ ಆಡಿದ ಪ್ರಸಿದ್ಧವಾದ ಒಂದೇ ಸುಳ್ಳು ಪ್ರಾಣಿಯೊಂದರ ಹೆಸರನ್ನು ಹಿಡಿದು ಆಡಿದ್ದು: ಸತ್ತದ್ದು ಅಶ್ವತ್ಥಾಮನೆಂಬ ಆನೆ, ದ್ರೋಣನು ತಿಳಿದದ್ದು ತನ್ನ ಮಗನೆಂದು, ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲ ಮುಟ್ಟಿತು. ಪ್ರಾಣಿಯನ್ನು ಅದಲ್ಲದ್ದೆಂದು ತೋರಿಸಿ ಯುದ್ಧ ಗೆದ್ದವನಿಗೆ ಕೊನೆಯ ಪರೀಕ್ಷೆಯೂ ಪ್ರಾಣಿಯ ರೂಪದಲ್ಲಿಯೇ ಬಂದಿತು, ಮತ್ತು ಈ ಸಲ ಅವನು ಆ ನಾಯಿಯ ಬಗ್ಗೆ ಹೆಚ್ಚಿನದೇನನ್ನೂ ಹೇಳಲಿಲ್ಲ. ಅದು ಪವಿತ್ರವಾದದ್ದೆನ್ನಲಿಲ್ಲ, ಅದಿಲ್ಲದೆ ತನಗೆ ನಡೆಯಲಾಗದೆನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅದರ ಫಲವಾಗಿ ಸ್ವರ್ಗ ತಪ್ಪುವುದಾದರೆ ತಪ್ಪಲೆಂದು ನಿಂತನು. ಕೊಪ್ಪಳಕ್ಕೆ ನೆರೆಯಾದ ಗದುಗಿನ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುವುದರಿಂದ ಆನೆಯ ಸುಳ್ಳು ಮಾತ್ರ ಅದರಲ್ಲಿದೆ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಹೊಳೆಯಾಚೆಯ ವಿಜಯನಗರದಲ್ಲಿ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ.

ಈ ಪ್ರಶ್ನೆಯ ಇನ್ನೊಂದು ಮಗ್ಗುಲು ಬಾಗಿಲು ಕಾಯುವವನನ್ನು ಕುರಿತದ್ದು. ವೇಷವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಶರಣರಷ್ಟು ತೀವ್ರವಾಗಿ ಚರ್ಚಿಸಿದವರು ಕನ್ನಡದಲ್ಲಿ ವಿರಳ. ‘ಲಾಂಛನ’ವೆಂದರೆ ಭಕ್ತನನ್ನೋ ಜಂಗಮನನ್ನೋ ಹೊರಗಿನಿಂದ ಗುರುತಿಸಲು ಇರುವ ಚಿಹ್ನೆ, ಜಂಗಮನ ಲಾಂಛನ ತೊಟ್ಟು ಕದಿಯಲು ಬಂದವರನ್ನೂ ಬಸವಣ್ಣನವರು ಜಂಗಮರೆಂದೇ ಆದರಿಸಿದ ಪ್ರಸಂಗಗಳು ಅವರ ಚರಿತ್ರೆ ಹೇಳುವ ಪುರಾಣಗಳಲ್ಲಿವೆ. ಅದೇ ಪರಂಪರೆಯ ಅಂಬಿಗರ ಚೌಡಯ್ಯನವರು ವೇಷಧಾರಿಗಳನ್ನು ಬಯ್ದಷ್ಟು ಕಟುವಾಗಿ ಬಯ್ದವರು ಮತ್ತೊಬ್ಬರಿಲ್ಲ. ಇವು ಒಂದನ್ನೊಂದು ಅಲ್ಲಗಳೆಯುವ ನಿಲುವುಗಳಂತೆ ಕಂಡರೂ ಹಾಗಲ್ಲ. ಬರಮಾಡಿಕೊಳ್ಳುವವನ ಧರ್ಮ ನಂಬುವುದು, ತೊಟ್ಟವನ ಧರ್ಮ ಲಾಂಛನಕ್ಕೆ ತಕ್ಕಂತೆ ನಡೆಯುವುದು; ಮೊದಲನೆಯದನ್ನು ಬಸವಣ್ಣನವರೂ ಎರಡನೆಯದನ್ನು ಚೌಡಯ್ಯನವರೂ ಹಿಡಿದು ಹೇಳಿದರು. ಸೋಗಿನ ಸೇವಾಪ್ರಾಣಿಯೊಂದಿಗೆ ಬಂದವನು ಎರಡನೆಯದನ್ನು ಮುರಿಯುತ್ತಾನೆ, ಆದರೆ ಅದರ ಪೆಟ್ಟು ಬೀಳುವುದು ಮೊದಲನೆಯದಕ್ಕೆ: ಒಮ್ಮೆ ಮೋಸಹೋದ ಬಾಗಿಲು ಮುಂದಿನವನನ್ನು ನಂಬುವುದಿಲ್ಲ, ಮತ್ತು ಆ ಮುಂದಿನವನು ನಿಜವಾಗಿ ಕಣ್ಣು ಕಾಣದವನಾಗಿರುತ್ತಾನೆ. ಸುಳ್ಳುಗಾರನು ಸುಳ್ಳು ಹೇಳಿದ ಹೊತ್ತಿನಲ್ಲಿ ಈ ಅಂಧನು ಅಲ್ಲಿರಲಿಲ್ಲ. ತನ್ನಿಂದ ಏನನ್ನು ಕಿತ್ತುಕೊಳ್ಳಲಾಯಿತೆಂಬುದೂ ಅವನಿಗೆ ತಿಳಿದಿರುವುದಿಲ್ಲ. ಈ ಸುಳ್ಳು ಪಾಪವಾಗುವುದು ಇಲ್ಲಿಯೇ, ಉಪಾಹಾರಗೃಹದ ಮಾಲೀಕ ಮೋಸಹೋದನೆಂಬುದರಲ್ಲಿ ಅಲ್ಲ.

ಹಾಗಾದರೆ ನಂಬುವವನು ಕಣ್ಣು ಮುಚ್ಚಿ ನಂಬಬೇಕೇ? ಹೇಮಗುಡ್ಡವಿರುವ ಗಂಗಾವತಿ ಸೀಮೆಯಲ್ಲಿಯೇ ಆನೆಗೊಂದಿಯ ಸುತ್ತಲಿನ ಬೆಟ್ಟಗಳನ್ನು ಕಿಷ್ಕಿಂಧೆಯೆಂದು ಜನ ನಂಬುತ್ತಾರೆ. ರಾಮಾಯಣದಲ್ಲಿ ಹನುಮಂತನು ರಾಮಲಕ್ಷ್ಮಣರ ಬಳಿಗೆ ಮೊದಲು ಬಂದದ್ದು ಭಿಕ್ಷುವಿನ ಮಾರುವೇಷದಲ್ಲಿ. ರಾಮನು ಆ ವೇಷವನ್ನು ಕೆದಕಲಿಲ್ಲ, ಬಂದವನ ಮಾತನ್ನು ಆಲಿಸಿ, ವೇದ ವ್ಯಾಕರಣಗಳನ್ನು ಚೆನ್ನಾಗಿ ಬಲ್ಲವನಲ್ಲದೆ ಹೀಗೆ ನುಡಿಯಲಾರನೆಂದು ಲಕ್ಷ್ಮಣನಿಗೆ ಹೇಳಿದನು. ವೇಷ ಸುಳ್ಳಾಗಿತ್ತು, ಕಲಿತ ವಿದ್ಯೆ ಸುಳ್ಳಾಗಿರಲಿಲ್ಲ. ರಾಮನು ಅಳೆದದ್ದು ಎರಡನೆಯದನ್ನು. ‘ಇದು ಯಾವ ಕೆಲಸವನ್ನು ಕಲಿತಿದೆ’ ಎಂಬ ಪ್ರಶ್ನೆ ಮಾಡುವುದೂ ಇದನ್ನೇ. ತರಬೇತಿ ಪಡೆದ ಮಾರ್ಗದರ್ಶಿ ನಾಯಿ ಒಡೆಯನು ಮುಂದೆ ನಡೆಯೆಂದರೂ ಎದುರಿಗೆ ವಾಹನ ಬರುತ್ತಿದ್ದರೆ ಕದಲುವುದಿಲ್ಲ. ಇದನ್ನು ತರಬೇತುದಾರರು ವಿವೇಕದ ಅವಿಧೇಯತೆಯೆಂದು ಕರೆಯುತ್ತಾರೆ. ಅಪ್ಪಣೆಗಿಂತ ಹಿತವನ್ನು ದೊಡ್ಡದಾಗಿ ಕಾಣುವ ಇಂಥ ನಡತೆಯನ್ನು ಯಾವ ಅಂಗಿಯೂ ತೊಡಿಸಲಾರದು, ಮತ್ತು ಅದನ್ನು ಗುರುತಿಸಲು ಕಾಗದ ಬೇಕಾಗಿಲ್ಲ.

ದಯೆಯನ್ನೂ ಸತ್ಯವನ್ನೂ ಬೇರೆಬೇರೆ ಇಟ್ಟು ನೋಡುವುದರಿಂದಲೇ ಈ ವಿಷಯ ಜಟಿಲವಾಗಿ ಕಾಣುತ್ತದೆ. ಅಶೋಕನ ಕಿರುಶಾಸನಗಳು ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇವೆ. ಅದೇ ವರ್ಗಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲಿ, ಜೀವಿಗಳ ವಿಷಯದಲ್ಲಿ ದೃಢವಾದ ಆದರವಿರಬೇಕೆಂಬ ವಿಧಿಯ ಬೆನ್ನಿಗೇ ಸತ್ಯವನ್ನು ನುಡಿಯಬೇಕೆಂಬ ವಿಧಿ ಕೆತ್ತಲ್ಪಟ್ಟಿದೆ. ಈ ಎರಡನ್ನೂ ಒಟ್ಟಿಗೆ ಪಾಲಿಸಲು ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯ ಗುಡಿಗಳಿಗಿಲ್ಲ. ಗರ್ಭಗುಡಿಯ ಮಡಿಗೆ, ಎಂದರೆ ಅರ್ಚಕರು ಪಾಲಿಸುವ ಶುದ್ಧಿಯ ಕಟ್ಟಳೆಗೆ ಧಕ್ಕೆ ಬಾರದಂತೆ, ಪ್ರಾಕಾರದೊಳಗೆ ಸೇವಾನಾಯಿಗೆ ಒಂದು ನೆರಳಿನ ಜಾಗ, ಅಲ್ಲಿಂದ ಮುಂದಕ್ಕೆ ಅಂಧ ಭಕ್ತನ ಕೈಹಿಡಿದು ನಡೆಸಲು ಒಬ್ಬ ಸೇವಕ, ಬಾಗಿಲಲ್ಲಿ ಕೇಳಬೇಕಾದ ಎರಡು ಪ್ರಶ್ನೆಗಳು: ಇಷ್ಟನ್ನು ಆಡಳಿತ ಮಂಡಳಿಯ ಒಂದು ಠರಾವಿನಲ್ಲಿ ಬರೆದಿಡಬಹುದು. ಹೇಮಗುಡ್ಡದ ದುರ್ಗೆಯ ಗುಡಿಯೂ ಸೇರಿದಂತೆ ಈ ಸೀಮೆಯ ದೇವಸ್ಥಾನಗಳನ್ನು ನೋಡಿಕೊಳ್ಳುವವರು ಮುಂದಿನ ದಸರೆಗೆ ಆನೆಯನ್ನು ಗೊತ್ತುಮಾಡುವ ಸಭೆಯಲ್ಲಿಯೇ ಆ ಠರಾವನ್ನೂ ಮಂಡಿಸಬೇಕು.